ಮೂತ್ರಕೋಶ ಒಡೆದವನಿಗೆ ದೊಡ್ಡ ಊರೇ ಗತಿಯೇ?

ರಸ್ತೆ ಅಪಘಾತ ಅಂದರೆ ಜನ ಮೊದಲು ನೋಡುವುದು ತಲೆ, ಆಮೇಲೆ ಕೈಕಾಲು. ಒಳಗೆ ಒಡೆದ ಮೂತ್ರಕೋಶ ಯಾರ ಕಣ್ಣಿಗೂ ಬೀಳುವುದಿಲ್ಲ.

ರಾತ್ರಿ ಬಸ್ಸಿನಲ್ಲಿ, ಅದರಲ್ಲೂ ಹೆಂಗಸರು, ದಾರಿಯಲ್ಲಿ ಶೌಚಾಲಯ ಸಿಗದೆ ಮೂತ್ರ ಕಟ್ಟಿಕೊಂಡೇ ಕೂರುತ್ತಾರೆ. ತುಂಬಿದ ಮೂತ್ರಕೋಶಕ್ಕೆ ಜೋರು ಪೆಟ್ಟು ಬಿದ್ದರೆ ಅದು ನೆತ್ತಿಯಲ್ಲೇ ಬಿರಿದು ಮೂತ್ರ ಹೊಟ್ಟೆಯೊಳಗೆ ಹರಿಯುತ್ತದೆ. ಇದಕ್ಕೆ ಆಪರೇಷನ್ನೇ ಮದ್ದು. ಕರಗುವ ದಾರದಲ್ಲಿ ಎರಡು ಪದರ ಹೊಲಿಗೆ ಹಾಕುತ್ತಾರೆ. ತಡವಾದರೆ ಹೊಟ್ಟೆಯೆಲ್ಲ ನಂಜು! ಸೊಂಟದ ಮೂಳೆ ಮುರಿದು, ಮೂತ್ರ ಹೊಟ್ಟೆಯ ಪೊರೆಯ ಹೊರಗೆ ಸೋರಿದರೆ ಬಹಳ ಸಲ ಕೊಯ್ಯುವುದೇ ಬೇಡ. ಎರಡು ವಾರದಷ್ಟು ಕೊಳವೆ ಇಟ್ಟರೆ ಗಾಯ ತಾನೇ ಕೂಡಿಕೊಳ್ಳುತ್ತದೆ.

ಯಾವುದು ಯಾವ ಬಗೆ ಅಂತ ತಿಳಿಯುವುದು ಹೇಗೆ? ಮೂತ್ರನಾಳಕ್ಕೆ ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು 300 ಮಿಲಿಲೀಟರಿನಷ್ಟಾದರೂ ಕೊಳವೆಯಿಂದ ತುಂಬಿ ಚಿತ್ರ ತೆಗೆದರೆ ಗೊತ್ತಾಗುತ್ತದೆ. ಸರಳವಾಗಿ ಬಿರಿದದ್ದನ್ನು ಜನರಲ್ ಸರ್ಜನ್ನರೇ ಹೊಲಿಯಬಲ್ಲರು. ಆದರೂ ಎಷ್ಟೋ ಕಡೆ ‘ಮುಂದಕ್ಕೆ ಕರಕೊಂಡು ಹೋಗಿ’ ಎಂಬ ಚೀಟಿಯೇ ಚಿಕಿತ್ಸೆ!

ದುಡ್ಡಿನ ನೆಪವೂ ಈಗ ನಡೆಯದು. 2025ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಗಾಯಾಳುವಿಗೆ 7 ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಉಂಟು. ಜಿಲ್ಲಾಸ್ಪತ್ರೆಯಲ್ಲಿ ರಾತ್ರಿಯೂ ಎಕ್ಸ್‌ರೇ ತೆಗೆಯುವವರು, ಆ ದ್ರವದ ಬಾಟಲಿ, ಡ್ಯೂಟಿ ಸರ್ಜನ್ ಇರಲಿ. ಇದೇನು ದೊಡ್ಡ ಬೇಡಿಕೆಯೇ ಸ್ವಾಮಿ?

ಓದುಗರೂ ನೆನಪಿಡಲಿ. ಪೆಟ್ಟು ಬಿದ್ದವರ ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರವೇ ಬಾರದೆ ಕೆಳಹೊಟ್ಟೆ ನೋಯುತ್ತಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ನಾಚಿಕೆಗಿಂತ ಜೀವ ದೊಡ್ಡದು.