ಎಣ್ಣೆಗೆ ಡಿಎನ್‌ಎ ಸ್ಟಿಕ್ಕರ್ ಯಾಕ್ರೀ? ಮೊದಲು ಗುಣಾಕಾರ ಮಾಡಿ

ಮೊನ್ನೆ ಸಂಜೆ ನಮ್ಮ ಸತ್ಯಮಂಗಲದ ಟೀ ಅಂಗಡಿ ಮುಂದೆ ಒಬ್ಬ ಹುಡುಗ ಬಂದಿದ್ದ. ಕೈಯಲ್ಲಿ ಬಣ್ಣದ ಚೀಟಿ. "ನಿಮ್ಮ ಗಾಣದ ಕೊಬ್ಬರಿ ಎಣ್ಣೆಗೆ ಡಿಎನ್‌ಎ ಪರೀಕ್ಷೆ ಮಾಡಿಸಿ ಸ್ಟಿಕ್ಕರ್ ಹಾಕ್ತೀವಿ ಸಾರ್, ಲೀಟರಿಗೆ ನೂರು ರೂಪಾಯಿ ಜಾಸ್ತಿ ಸಿಗುತ್ತೆ. ಫಾರಿನ್ನಲ್ಲಿ ಆಲಿವ್ ಎಣ್ಣೆಗೆ ಇದನ್ನೇ ಮಾಡ್ತಾರೆ" ಅಂದ. ನಾಲ್ಕು ಜನ ಅಲ್ಲೇ ಫೋನ್ ನಂಬರ್ ಕೊಟ್ಟರು. ನಾನು ಕೊಡಲಿಲ್ಲ. ಯಾಕೆ ಅಂತ ಕೇಳಿದವರಿಗೆ ಇಲ್ಲಿ ಬರೀತಿದ್ದೀನಿ.

ಡಿಎನ್‌ಎ ಇರೋದು ಕಾಯಿಯ ತಿರುಳಿನ ಕಣದಲ್ಲಿ, ಎಣ್ಣೆಯಲ್ಲಲ್ಲ. ಗಾಣದ ಎಣ್ಣೆಯಲ್ಲಿ ತಿರುಳಿನ ನುಣುಪು ಚೂರು ಒಂದಿಷ್ಟು ಉಳಿದಿರುತ್ತೆ, ಅದರಲ್ಲಿ ತುಂಡುತುಂಡಾದ ಡಿಎನ್‌ಎ ಇರುತ್ತೆ. ಪಿಸಿಆರ್ ಅನ್ನೋ ವಿಧಾನದಲ್ಲಿ ಆ ತುಂಡನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ, ಇದು ಯಾವ ಗಿಡದ್ದು ಅಂತ ನೋಡ್ತಾರೆ. ಆಲಿವ್ ಎಣ್ಣೆಯಲ್ಲೂ ಇದನ್ನು ಮಾಡಿ ನೋಡಿದ್ದಾರೆ, ಸುಳ್ಳಲ್ಲ. ಆದರೆ ಅಂತರರಾಷ್ಟ್ರೀಯ ಆಲಿವ್ ಮಂಡಳಿ ಶುದ್ಧತೆಗೆ ಇವತ್ತಿಗೂ ನೆಚ್ಚಿಕೊಂಡಿರೋದು ಕೊಬ್ಬಿನಾಮ್ಲ, ಸ್ಟೆರಾಲ್ ಅಳೆಯೋ ರಸಾಯನ ಪರೀಕ್ಷೆಗಳನ್ನೇ. ಹುಡುಗ ಅದನ್ನು ಹೇಳಲಿಲ್ಲ.

ಈಗ ತೂತು ಎಲ್ಲಿದೆ ನೋಡಿ. ಕೊಬ್ಬರಿ ಎಣ್ಣೆಗೆ ಬೆರೆಸೋದು ಏನನ್ನ? ರಿಫೈನ್ಡ್ ತಾಳೆಬೀಜದ ಎಣ್ಣೆ. ರಿಫೈನ್ ಮಾಡುವಾಗ ಅಂಟು ತೆಗೀತಾರೆ, ಮಣ್ಣಿನಲ್ಲಿ ಸೋಸಿ ಬಣ್ಣ ತೆಗೀತಾರೆ, 200 ಡಿಗ್ರಿ ದಾಟಿದ ಬಿಸಿಯಲ್ಲಿ ಹಬೆ ಹಾಯಿಸಿ ವಾಸನೆ ತೆಗೀತಾರೆ. ಅಷ್ಟಾದ ಮೇಲೆ ಹಿಡಿಯೋವಷ್ಟು ಡಿಎನ್‌ಎ ಎಲ್ಲಿ ಉಳಿಯುತ್ತೆ? 70 ಲೀಟರ್ ಗಾಣದ ಎಣ್ಣೆಗೆ 30 ಲೀಟರ್ ಅದನ್ನು ಸುರಿದರೂ ಪರೀಕ್ಷೆಗೆ ಕಾಣೋದು ತೆಂಗು ಮಾತ್ರ. ಕಳ್ಳ ಬೆರಳಚ್ಚು ಒರೆಸಿಕೊಂಡು ಹೋಗಿದ್ದಾನೆ; ಸಿಕ್ಕಿದ್ದೆಲ್ಲ ಮನೆಯವನ ಬೆರಳಚ್ಚೇ ಅಂತ ಕಳ್ಳತನವೇ ಆಗಿಲ್ಲ ಅನ್ನೋದಾ?

ಉಲ್ಟಾನೂ ಆಗುತ್ತೆ. ಬೆಳಗ್ಗೆ ಕಡಲೆಕಾಯಿ ಆಡಿಸಿದ ಗಾಣದಲ್ಲೇ ಮಧ್ಯಾಹ್ನ ಕೊಬ್ಬರಿ ಹಾಕ್ತೀವಿ. ಒರೆಸಿದರೂ ಚೂರು ಉಳಿಯುತ್ತೆ. ಅಷ್ಟು ಸಾಕು, ಪ್ರಾಮಾಣಿಕ ಗಾಣದವನ ಎಣ್ಣೆಯಲ್ಲಿ ಕಡಲೆಕಾಯಿ ಸಿಕ್ತು ಅಂತ ವರದಿ ಬರೋಕೆ. ಬೆರಕೆಯವನು ಪಾಸು, ನೀವು ಫೇಲು.

ಹಾಗಾದರೆ ಹಿಡಿಯೋದು ಹೇಗೆ? ಫ್ರಿಜ್‌ನಲ್ಲಿಟ್ಟು ನೋಡೋದು ಒಳ್ಳೆಯದೇ; ಸೂರ್ಯಕಾಂತಿಯಂಥ ತೆಳು ಎಣ್ಣೆ ಬೆರೆತಿದ್ದರೆ ಗಟ್ಟಿಯಾಗದೆ ಬೇರೆ ಪದರವಾಗಿ ನಿಲ್ಲುತ್ತೆ. ತಾಳೆಬೀಜದ್ದು ಮಾತ್ರ ಕೊಬ್ಬರಿಯ ಹಾಗೇ ಹೆಪ್ಪುಗಟ್ಟಿ ಮೋಸ ಮಾಡುತ್ತೆ. ಅದಕ್ಕೆ ಅಯೋಡಿನ್ ಮೌಲ್ಯ ನೋಡಿಸಬೇಕು. ಕೊಬ್ಬರಿ ಎಣ್ಣೆಗೆ ಅದು 7.5ರಿಂದ 10ರ ಒಳಗಿರಬೇಕು. ತಾಳೆಬೀಜದ್ದು ಸಾಮಾನ್ಯವಾಗಿ 14ರ ಮೇಲೆ. ಸ್ವಲ್ಪವೇ ಬೆರೆಸಿದ್ದರೆ ಅಂಕಿ ಮಿತಿಯೊಳಗೇ ಅಡಗಬಹುದು, ಆಗ ಗ್ಯಾಸ್ ಕ್ರೊಮ್ಯಾಟೊಗ್ರಫಿ ಬೇಕು.

ಇದಕ್ಕೂ ಮೊದಲು ಪೈಸೆ ಖರ್ಚಿಲ್ಲದ ಪರೀಕ್ಷೆ ಒಂದಿದೆ, ಗುಣಾಕಾರ. ಕೊಬ್ಬರಿಯಲ್ಲಿ ಎಣ್ಣೆ ನೂರಕ್ಕೆ 60–65. ಅಂದರೆ ಒಂದು ಕೆಜಿ ಎಣ್ಣೆಗೆ ಹೆಚ್ಚುಕಮ್ಮಿ 1.6 ಕೆಜಿ ಕೊಬ್ಬರಿ. 2025ರಲ್ಲಿ ತಿಪಟೂರಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 20 ಸಾವಿರ ದಾಟಿ ಓಡಿತಲ್ಲ, ಆ ಲೆಕ್ಕಕ್ಕೆ ಕೊಬ್ಬರಿಗೇ 320 ರೂಪಾಯಿ ಆಯ್ತು. ಒಡಕು, ಕೆಟ್ಟ ಕೊಬ್ಬರಿ ಸ್ವಲ್ಪ ಅಗ್ಗ ಅಂತ ಇಟ್ಕೊಳ್ಳಿ, ಹಿಂಡಿ ದುಡ್ಡೂ ಕಳೀರಿ. ಆಮೇಲೆ ಗಾಣದ ಕೂಲಿ, ಕರೆಂಟು, ಬಾಟಲಿ ಸೇರಿಸಿ. ಆಗಲೂ ಊರ ಬೋರ್ಡಿನಲ್ಲಿ "ಶುದ್ಧ ಗಾಣದೆಣ್ಣೆ 220" ಅಂತ ಇತ್ತು ಅಂದರೆ, ಅವನು ದಾನ ಮಾಡ್ತಿದ್ದನಾ? 2023ರಲ್ಲಿ ಬೆಂಬಲ ಬೆಲೆ 11,750 ಇದ್ದಾಗ ಅದಕ್ಕಿಂತ ಎಷ್ಟೋ ಕೆಳಗೆ ಕೊಬ್ಬರಿ ಮಾರಿ ಅತ್ತವರು ನಾವು. ಬೆಲೆ ಬಂದಾಗ ಬೆರಕೆಯವನು ಅದನ್ನೂ ಹೊಡೀತಾನೆ. ಗಿರಾಕಿ ಅವನ 220 ನೋಡಿ, "ನಿಮ್ಮದೇ ದುಬಾರಿ" ಅಂತ ನಮಗೆ ಬೈದು ಹೋಗ್ತಾನೆ.

ಡಿಎನ್‌ಎ ವಿಜ್ಞಾನವನ್ನು ನಾನು ಹಳಿಯುತ್ತಿಲ್ಲ, ಅದರ ಜಾಗ ಬೇರೆ. ಅಕ್ಕಿಕಾಳಲ್ಲಿ ಡಿಎನ್‌ಎ ಗಟ್ಟಿಯಾಗಿರುತ್ತೆ, ಹೈದರಾಬಾದಿನ ಸಿಡಿಎಫ್‌ಡಿ ಬಾಸ್ಮತಿ ಬೆರಕೆಯನ್ನು ಅದರಿಂದಲೇ ಹಿಡೀತು. ಕಾಸರಗೋಡಿನ ಸಿಪಿಸಿಆರ್‌ಐ ವಿಜ್ಞಾನಿಗಳು ತೆಂಗಿನ ಸಂಕರ ಸಸಿ ನಿಜವೋ ಸುಳ್ಳೋ ಅಂತ ಡಿಎನ್‌ಎ ಗುರುತಿನಿಂದ ನೋಡಿದ್ದಾರೆ. ನಮಗೆ ಬೇಕಾಗಿರೋದು ಅದು! ಹೈಬ್ರಿಡ್ ಅಂತ ಒಂದು ನರ್ಸರಿಯಿಂದ ನಲವತ್ತು ಸಸಿ ತಂದು, ಆರು ವರ್ಷ ನೀರು ಹೊತ್ತು, ಕೊನೆಗೆ ನಾಟಿ ಮರ ಅಂತ ಗೊತ್ತಾದವನು ನಾನು. ಆ ಆರು ವರ್ಷ ಯಾರು ವಾಪಸ್ ಕೊಡ್ತಾರೆ? ಡಿಎನ್‌ಎ ಚೀಟಿ ಕೇಳೋದಾದರೆ ಸಸಿ ಮಾರೋವನ ಹತ್ತಿರ ಕೇಳೋಣ.

ಎಣ್ಣೆ ಮೇಲೆ ಅನುಮಾನ ಇದ್ದರೆ 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಂ ಇದೆ. ಕೊಳ್ಳುವಾಗಲೇ "ಇದನ್ನು ಪರೀಕ್ಷೆಗೆ ಕಳಿಸ್ತೀನಿ" ಅಂತ ಅಂಗಡಿಯವನಿಗೆ ಹೇಳಿ, ಶುಲ್ಕ ಕಟ್ಟಿ, ಯಾರು ಬೇಕಾದರೂ ಆಹಾರ ವಿಶ್ಲೇಷಕರಿಂದ ವರದಿ ಪಡೀಬಹುದು. ಬೆರಕೆ ಅಂತ ಬಂದರೆ ಶುಲ್ಕ ವಾಪಸ್.

ನಂಬರ್ ಕೊಟ್ಟ ನಾಲ್ಕು ಜನಕ್ಕೆ ಒಂದೇ ಮಾತು. ಆ ಹುಡುಗ ಫೋನ್ ಮಾಡಿದಾಗ ಕೇಳಿ: "ರಿಫೈನ್ಡ್ ಎಣ್ಣೆ ಬೆರೆಸಿದರೆ ನಿನ್ನ ಪರೀಕ್ಷೆಗೆ ಗೊತ್ತಾಗುತ್ತಾ?" ಅವನು ಏನಂದ ಅಂತ ಕೆಳಗೆ ಬರೀರಿ.