ಚಪ್ಪರದ ಕೆಳಗೆ, ಭಾಗ 4: ಬೋಳು ನೆಲದ ಶೋಕಿ

ಮೊದಲನೇ ಫೋಟೋ ನೋಡಿ. ಹುತ್ತೂರು ಕಡೆಯ ದ್ರಾಕ್ಷಿ ಚಪ್ಪರ. ಕೆಳಗೆ ಒಂದು ಹುಲ್ಲುಕಡ್ಡಿ ಇಲ್ಲ, ಕೆಂಪು ನೆಲ ಅಂಗಳ ಗುಡಿಸಿದಂಗೆ ಇದೆ. ನೋಡಿದವರೆಲ್ಲ "ಸೂಪರ್ ತೋಟ ಗುರೂ" ಅಂತಾರೆ. ಈಗ ಸ್ವೈಪ್ ಮಾಡಿ. ಎರಡನೇದರಲ್ಲಿ ಬುಡ ಮಾತ್ರ ಕ್ಲೀನ್, ಸಾಲಿನ ಮಧ್ಯೆ ಪಾದ ಮುಚ್ಚುವಷ್ಟು ಹುಲ್ಲು. ಇದಕ್ಕೆ "ಸೋಮಾರಿ ತೋಟ" ಅಂತ ಹೆಸರು. ನನ್ನ ಪ್ರಕಾರ ಎರಡನೇ ತೋಟದವರೇ ಬುದ್ಧಿವಂತರು. ಪೂರ್ತಿ ಓದಿ, ಜಗಳ ಆಮೇಲೆ ಆಡಿ.

ಕಳೆ ಯಾವಾಗ ಎದ್ದು ಬರುತ್ತೆ ಅಂತ ಗಮನಿಸಿದ್ದೀರಾ? ಚಪ್ಪರ ತುಂಬಿರುವಾಗ ನೆರಳೇ ಅರ್ಧ ಕಳೆ ತಡೆಯುತ್ತೆ. ಪ್ರೂನಿಂಗ್ ಆಗಿ, ಎಲೆ ಇಲ್ಲದೆ ಬಿಸಿಲು ನೇರ ನೆಲಕ್ಕೆ ಬಿದ್ದಾಗ ಶುರು. ಅದೂ ಡ್ರಿಪ್ ನೀರು ಬೀಳೋ ಜಾಗದಲ್ಲೇ ಜಾಸ್ತಿ. ಹೊಸ ಚಿಗುರಿಗೆ ನೀರು, ಗೊಬ್ಬರ ಬೇಕಾದ ಹೊತ್ತೂ ಅದೇ. ಆ ಕೆಲವು ವಾರ ಬುಡದ ಸುತ್ತ ಒಂದೆರಡು ಅಡಿ ಕ್ಲೀನಾಗಿಡಿ. ಸನಿಕೆಯಲ್ಲಿ ಮೇಲ್ಮೇಲೆ ಕೆರೆದರೆ ಸಾಕು, ಆಳಕ್ಕೆ ಅಗೆದರೆ ದ್ರಾಕ್ಷಿಯ ಸಣ್ಣ ಬೇರುಗಳೇ ಕತ್ತರಿಸಿ ಹೋಗ್ತವೆ. ಉಳಿದ ಜಾಗದ ಹುಲ್ಲನ್ನ ಬೀಜ ಕಟ್ಟೋಕೆ ಮುಂಚೆ ಬ್ರಷ್ ಕಟರ್‌ನಲ್ಲಿ ಕೊಯ್ದು ಬುಡದ ಸುತ್ತ ಹರಡಿ. ರಾಗಿ ಹುಲ್ಲು ಹಸುಗೇ ಸಾಲಲ್ಲ, ಮುಚ್ಚಿಗೆಗೆ ಯಾರು ಕೊಡ್ತಾರೆ? ಸಾವಿರಾರು ಅಡಿ ಬೋರ್‌ವೆಲ್‌ನಿಂದ ಎತ್ತಿದ ನೀರು ಬೋಳು ನೆಲದಿಂದ ಆವಿಯಾಗಿ ಹೋಗೋದು ನೋಡಿ ನಿಮಗೆ ಹೊಟ್ಟೆ ಉರಿಯಲ್ವಾ?

ಹುಲ್ಲು ಎತ್ತರ ಬೆಳೆದರೆ ಚಪ್ಪರದ ಕೆಳಗೆ ಗಾಳಿ ಆಡಲ್ಲ, ತೇವ ನಿಂತು ರೋಗ ಬರುತ್ತೆ ಅನ್ನೋದು ನಿಜ. ಅದಕ್ಕೇ ಕೊಯ್ಯಿ ಅನ್ನೋದು. ಸಾಯಿಸು ಅಂತಲ್ಲ.

ಈಗ ನನ್ನ ನಿಜವಾದ ತಕರಾರಿಗೆ ಬರ್ತೀನಿ. ಆ ಬೋಳು ನೆಲ ಬರೋದು ಕ್ಯಾನ್‌ನಿಂದ. ಗ್ಲೈಫೋಸೇಟ್‌ಗೆ ನಮ್ಮ ದೇಶದಲ್ಲಿ ಅನುಮತಿ ಇದ್ದದ್ದು ಟೀ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇನ್ನೂ ಬಿಗಿ ಮಾಡಿ, ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳು ಮಾತ್ರ ಬಳಸಬೇಕು ಅಂತ ಆದೇಶ ಹೊರಡಿಸಿತು. ದ್ರಾಕ್ಷಿ ಬುಡದ ಹಸಿರು ಚಿಗುರಿಗೆ ತಾಗಿದರೆ ಬಳ್ಳಿಯೂ ಅದನ್ನ ಕುಡಿಯುತ್ತೆ. ಪಕ್ಕದ ರಾಗಿ ಹೊಲಕ್ಕೆ ಹೊಡೆಯೋ 2,4-ಡಿ ಇನ್ನೂ ಮೋಸ. ಗಾಳಿಗೆ ಸ್ವಲ್ಪ ಹಾರಿ ಬಂದರೂ ದ್ರಾಕ್ಷಿ ಎಲೆ ಬೀಸಣಿಗೆ ಥರ ಮುದುಡಿಕೊಳ್ಳುತ್ತೆ. ಎಷ್ಟೋ ಜನ ಅದನ್ನ ವೈರಸ್ ಅಂದ್ಕೊಂಡು ಮತ್ತೊಂದು ಔಷಧಿ ತರ್ತಾರೆ!

ಬಳ್ಳಿ ಹೋಗಲಿ. ಬೆರಕೆ ಸೊಪ್ಪು ಯಾರು ಕೀಳ್ತಾರೆ? ನಿಮ್ಮ ಅಜ್ಜಿ, ಪಕ್ಕದ ಮನೆ ಅಕ್ಕ, ಕೂಲಿಗೆ ಬಂದವರು. ಅಣ್ಣೆ, ಗೋಣಿ, ಹೊನಗೊನ್ನೆ ಎಲ್ಲ ಸೇರಿಸಿ ಮಸ್ಸೊಪ್ಪು ಮಾಡಿದರೆ ಮುದ್ದೆ ಎರಡು ಜಾಸ್ತಿ ಇಳಿಯುತ್ತೆ, ಕೋಲಾರದವರಿಗೆ ಹೇಳಬೇಕಾಗಿಲ್ಲ. ಗ್ಲೈಫೋಸೇಟ್ ಹೊಡೆದ ಮಾರನೇ ದಿನವೂ ಸೊಪ್ಪು ಹಸಿರಾಗೇ ಇರುತ್ತೆ. ಹಳದಿ ಆಗೋಕೆ ಹೆಚ್ಚುಕಮ್ಮಿ ವಾರ ಬೇಕು. ಮಡಿಲು ತುಂಬಾ ಕಿತ್ತುಕೊಂಡು ಹೋಗೋ ಹೆಂಗಸಿಗೆ ಹೆಂಗೆ ಗೊತ್ತಾಗಬೇಕು?

ಚಪ್ಪರಕ್ಕೆ ಹೊಡೆಯೋ ರೋಗದ ಔಷಧಿ ಹೆಂಗೂ ಕೆಳಗೆ ತೊಟ್ಟಿಕ್ಕುತ್ತೆ, ಅಲ್ಲಿನ ಸೊಪ್ಪು ತಿನ್ನಲೇಬಾರದು ಅಂತೀರಾ? ಒಪ್ಪಿದೆ. ಆದ್ರೆ ಕ್ಯಾನ್ ಹೊತ್ತವರು ಚಪ್ಪರಕ್ಕೇ ನಿಲ್ಲಲ್ಲ, ಟ್ಯಾಂಕಲ್ಲಿ ಉಳಿದದ್ದನ್ನ ಬದುವಿಗೂ ಹೊಡೆದೇ ಮನೆಗೆ ಹೋಗೋದು. ಸೊಪ್ಪು ಬೆಳೆಯೋದೇ ಬದುವಲ್ಲಿ.

"ಕೂಲಿ ಯಾರು ಕೊಡ್ತಾರೆ?" ಅಂತ ಕೇಳ್ತೀರ, ಗೊತ್ತು. ಇಡೀ ಎಕರೆ ಕೀಳಿಸಿ ಅಂತ ನಾನು ಹೇಳ್ತಿಲ್ಲ. ಬುಡದ ಸುತ್ತ ಮಾತ್ರ, ಅದೂ ಪ್ರೂನಿಂಗ್ ಆದ ಮೇಲಿನ ವಾರಗಳಲ್ಲಿ. ಮನೇಲಿ ಅಪ್ಪ ಕ್ಯಾನ್ ತಂದಿಟ್ಟಿದ್ರೆ ಇವತ್ತು ರಾತ್ರಿ ಊಟದ ಹೊತ್ತಲ್ಲಿ ಒಂದು ಮಾತು ಕೇಳಿ: ಬದುವಿಗೂ ಹೊಡೆದ್ರಾ?

ಮುಂದಿನ ಭಾಗ ಜೇಕಿನ ಗಡ್ಡೆ ಬಗ್ಗೆ. ಕಿತ್ತಷ್ಟೂ ಬರೋ ಆ ಮಹಾಶಯನಿಗೆ ಒಂದು ಪೋಸ್ಟ್ ಸಾಲಲ್ಲ.

#ಕೋಲಾರ #ಹುತ್ತೂರು #ದ್ರಾಕ್ಷಿಚಪ್ಪರ #ಬೆರಕೆಸೊಪ್ಪು