ಸೇವೆಯ ಲೆಕ್ಕದಲ್ಲಿ ಮಕ್ಕಳ ಖಾತೆ

ಹರಿಹರದಲ್ಲಿ ನೆಲೆಸಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕಳೆದ ತಿಂಗಳು ದಾವಣಗೆರೆಯ ನಮ್ಮ ಮನೆಗೆ ಬಂದಿದ್ದರು. ಅವರ ಅಳಿಯ ಪ್ರಾಟೆಸ್ಟೆಂಟ್ ಸಭೆಯ ಪಾದ್ರಿ, ಮಗಳು ನರ್ಸ್. ಪೂರ್ವ ಆಫ್ರಿಕದ ಚರ್ಚೊಂದು ಈ ದಂಪತಿಯನ್ನು ಐದು ವರ್ಷಗಳ ಸೇವೆಗೆ ಕರೆದಿದೆ. ಹೋಗುವುದು ನಿಶ್ಚಯವಾಗಿದೆ. ನಿಶ್ಚಯವಾಗದೆ ಉಳಿದಿರುವುದು ಅವರ ಏಳು ವರ್ಷದ ಮಗುವಿನ ಪ್ರಶ್ನೆ. ‘ಮೊಮ್ಮಗಳು ನಮ್ಮ ಬಳಿಯೇ ಇರಲಿ, ಓದಿಗೆ ತೊಂದರೆಯಾಗದು ಎನ್ನುತ್ತಿದ್ದೇನೆ. ಮಗಳ ಮನಸ್ಸು ಒಪ್ಪುತ್ತಿಲ್ಲ. ನೀವೇನು ಹೇಳುತ್ತೀರಿ ಸಾರ್?’ ಎಂದು ಕೇಳಿದರು. ಆ ದಿನ ನಾನು ಉತ್ತರಿಸಲಿಲ್ಲ. ಉತ್ತರಿಸುವ ಅರ್ಹತೆ ನನಗಿದೆಯೇ ಎಂಬ ಸಂಶಯವೂ ಇತ್ತು.

ಪ್ರಶ್ನೆ ಹೊಸದಲ್ಲ. ದೇವರ ಕೆಲಸಕ್ಕೂ ಮನೆಯ ಕೆಲಸಕ್ಕೂ ನಡುವಣ ಈ ಎಳೆದಾಟಕ್ಕೆ ನಮ್ಮ ಸುತ್ತಲೇ ಹಲವು ಉತ್ತರಗಳಿವೆ. ಹರಿಹರದ ಆರೋಗ್ಯಮಾತೆ ಬೆಸಿಲಿಕಾದ ಪಾದ್ರಿಗಳು ಕ್ಯಾಥೊಲಿಕ್ ಪದ್ಧತಿಯಂತೆ ಅವಿವಾಹಿತರು. ನಮ್ಮ ವಿರಕ್ತ ಮಠಗಳ ಸ್ವಾಮಿಗಳು ಪೂರ್ವಾಶ್ರಮವನ್ನು ತೊರೆದವರು. ಹನ್ನೆರಡನೆಯ ಶತಮಾನದ ಶರಣರಾದರೋ ಸಂಸಾರವನ್ನೇ ಸಾಧನೆಯ ನೆಲೆಯಾಗಿಸಿಕೊಂಡರು. ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿ ಅದಕ್ಕೆ ನಿದರ್ಶನ. ಮದುವೆಯಾಗಿಯೂ ದೂರದ ದೇಶಕ್ಕೆ ಹೊರಡುವ ಪ್ರಾಟೆಸ್ಟೆಂಟ್ ಮಿಶನರಿಗಳ ಹಾದಿ ಇವೆಲ್ಲಕ್ಕಿಂತ ಭಿನ್ನ. ಆ ಹಾದಿಯ ಸುದೀರ್ಘ ಅನುಭವ ಕನ್ನಡ ನಾಡಿಗಿದೆ.

1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳಿಗೂ ಹಬ್ಬಿತು. ಮೊಗ್ಲಿಂಗರ ‘ಮಂಗಳೂರ ಸಮಾಚಾರ’ (1843), ಮಂಗಳೂರು ಹೆಂಚು, ಕಿಟ್ಟೆಲರ ನಿಘಂಟು (1894) ಎಲ್ಲವೂ ಅದರ ಕೊಡುಗೆಗಳೇ. ಆದರೆ ಈ ಕೊಡುಗೆಗಳ ವೆಚ್ಚವನ್ನು ಭರಿಸಿದವರಾರು? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಪ್ರಶ್ನೆ ಸಹಜವಾಗಿಯೇ ಕಾಡುತ್ತದೆ.

ಆ ಸಂಸ್ಥೆಯಲ್ಲಿ ಮಿಶನರಿಯು ಮದುವೆಯಾಗಬೇಕಾದರೆ ಬಾಸೆಲಿನ ಆಡಳಿತ ಸಮಿತಿಯ ಅನುಮತಿ ಬೇಕಿತ್ತು. ಎಷ್ಟೋ ವಧುಗಳು ವರನನ್ನು ಸರಿಯಾಗಿ ಅರಿಯದೆಯೇ ಹಡಗು ಹತ್ತಿದರು. 1850ರ ದಶಕದಿಂದ ಮಕ್ಕಳಿಗೂ ಒಂದು ನಿಯಮ ಬಂತು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯೂರೋಪಿಗೆ ಕಳುಹಿಸಬೇಕು; ಅವರಿಗಾಗಿ ಬಾಸೆಲಿನಲ್ಲಿ ವಸತಿಗೃಹವೂ ಸಿದ್ಧವಾಯಿತು. ಉಷ್ಣವಲಯದ ರೋಗಗಳು, ಶಿಕ್ಷಣದ ಕೊರತೆ ಎಂಬ ಕಾರಣಗಳಲ್ಲಿ ಹುರುಳಿಲ್ಲವೆಂದಲ್ಲ. ಕಿಟ್ಟೆಲರು 1860ರಲ್ಲಿ ಕೈಹಿಡಿದ ಪೌಲಿನ್ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಅದೇ ಮಿಶನ್ 1828ರಲ್ಲಿ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ ಕಳುಹಿಸಿದ ನಾಲ್ವರಲ್ಲಿ ಮೂವರು ವರ್ಷ ತುಂಬುವ ಮೊದಲೇ ಮಣ್ಣಾದರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುನ್ನ ಮಗುವನ್ನು ಹಡಗಿನಲ್ಲಿ ಕಳುಹಿಸಿದ ತಾಯಿ ಅದರ ಯೋಗಕ್ಷೇಮ ತಿಳಿಯಲು ತಿಂಗಳುಗಟ್ಟಲೆ ಕಾಯಬೇಕಿತ್ತು.

ನಿಯಮ ಬರುವ ಮುನ್ನವೇ ಈ ನೋವನ್ನುಂಡ ಮನೆಯೊಂದಿದೆ. ಮಲಯಾಳಂ ನಿಘಂಟುಕಾರ ಹರ್ಮನ್ ಗುಂಡರ್ಟ್ ಮತ್ತು ಪತ್ನಿ ಜೂಲಿ ತಲಶ್ಶೇರಿಯಲ್ಲಿ ನೆಲೆಸಿದ್ದರು. ಅಲ್ಲಿ 1842ರಲ್ಲಿ ಹುಟ್ಟಿದ ಮಗಳು ಮರಿಯಳನ್ನು ಎಳೆಯ ವಯಸ್ಸಿನಲ್ಲೇ ಯೂರೋಪಿನಲ್ಲಿ ಬಿಟ್ಟು ಬಂದರು. ಆಕೆ ಹೆತ್ತವರ ಬಳಿಗೆ ಮರಳಿದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ವಿಪರ್ಯಾಸವೆಂದರೆ, ತಾಯಿ ಜೂಲಿ ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳಿಗಾಗಿ ವಸತಿಶಾಲೆ ನಡೆಸುತ್ತಿದ್ದರು. ಪರರ ಹೆಣ್ಣುಮಕ್ಕಳಿಗೆ ದೊರೆತ ಆರೈಕೆ ಸ್ವಂತ ಮಗಳಿಗೆ ದೊರೆಯಲಿಲ್ಲ. ಈ ಮರಿಯಳೇ ಮುಂದೆ ನೊಬೆಲ್ ಪುರಸ್ಕೃತ ಸಾಹಿತಿ ಹರ್ಮನ್ ಹೆಸ್ಸೆಯ ತಾಯಿಯಾದಳು.

ಆ ದಂಪತಿಗಳನ್ನು ಕಟುಕರೆಂದು ನಾನು ಹೇಳಲಾರೆ. ಅವರು ತಮ್ಮ ಸುಖವನ್ನು ತಾವಾಗಿಯೇ ಬಿಟ್ಟುಕೊಟ್ಟವರು. ಆದರೆ ಮಕ್ಕಳು ಹಾಗೆ ಬಿಟ್ಟುಕೊಟ್ಟವರಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ನಿರ್ಧಾರ ಒಬ್ಬರದು, ವೆಚ್ಚ ಇನ್ನೊಬ್ಬರದು ಆದಾಗ ಲೆಕ್ಕ ತಪ್ಪುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ತ್ಯಾಗ ಎಂಬ ಪದ ತನ್ನದನ್ನು ಕೊಟ್ಟವನಿಗೆ ಒಪ್ಪುತ್ತದೆ; ಮತ್ತೊಬ್ಬರ ಬಾಲ್ಯವನ್ನು ಕೊಟ್ಟವನಿಗೆ ಒಪ್ಪುವುದಿಲ್ಲ.

ನಾನು ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ಸೇವಾವಧಿಯಲ್ಲಿ ನನಗೆ ಒಂಬತ್ತು ವರ್ಗಾವಣೆಗಳಾದವು. ಮಕ್ಕಳ ಓದಿಗೆಂದು ಪತ್ನಿಯನ್ನು ದಾವಣಗೆರೆಯಲ್ಲೇ ಬಿಟ್ಟು ಶನಿವಾರದ ರಾತ್ರಿ ಬಸ್ಸಿನಲ್ಲಿ ಬಂದು ಸೋಮವಾರ ನಸುಕಿಗೆ ಹೊರಡುತ್ತಿದ್ದೆ. ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಾನು ನೋಡಿದ್ದು ಫಲಿತಾಂಶ ಬಂದ ಮೂರು ವಾರಗಳ ನಂತರ. ಅದನ್ನು ಕರ್ತವ್ಯನಿಷ್ಠೆ ಎಂದುಕೊಂಡಿದ್ದೆ. ಈಗ ಮಗ ವಾರಕ್ಕೊಮ್ಮೆ ಫೋನು ಮಾಡಿ, ಆರೋಗ್ಯ ವಿಚಾರಿಸಿ, ಅಮ್ಮನಿಗೆ ಕೊಡಿ ಎನ್ನುತ್ತಾನೆ. ಅವನ ಮಾತಿನಲ್ಲಿ ತಪ್ಪೇನೂ ಇಲ್ಲ. ಅವನಿಗೆ ಮಾತು ಕಲಿಸಿದವಳು ಅವಳೇ.

ಹಾಗಾದರೆ ಸೇವೆಗೆ ಹೊರಡಲೇಬಾರದೇ? ಆಫ್ರಿಕದ ಇತಿಹಾಸವೇ ಬೇರೊಂದು ದಾರಿಯನ್ನು ತೋರಿಸಿದೆ. ಗೋಲ್ಡ್ ಕೋಸ್ಟಿನಲ್ಲಿ ಸಾವುಗಳಿಂದ ಕಂಗೆಟ್ಟ ಬಾಸೆಲ್ ಮಿಶನ್ 1843ರಲ್ಲಿ ಜಮೈಕಾ ಮತ್ತು ಆಂಟಿಗಾ ದ್ವೀಪಗಳ ಕ್ರೈಸ್ತರನ್ನು ಅಲ್ಲಿಗೆ ಕರೆತಂದಿತು. ಅವರು ಆಫ್ರಿಕ ಮೂಲದವರು. ಅವರಲ್ಲಿ ಹೆಚ್ಚಿನವರು ಸಂಸಾರ ಸಮೇತರಾಗಿ ಬಂದರು. ಕೆಲವರು ಹಿಂತಿರುಗಿದರು, ಉಳಿದವರು ಅಕ್ರೊಪಾಂಗ್ ಪಟ್ಟಣದಲ್ಲಿ ಮಕ್ಕಳೊಂದಿಗೆ ಬೇರುಬಿಟ್ಟರು. ಇಂದಿನ ಘಾನಾದ ಪ್ರೆಸ್ಬಿಟೇರಿಯನ್ ಸಭೆ ಬೆಳೆದು ಬಂದ ಬಗೆಯಲ್ಲಿ ಆ ಕುಟುಂಬಗಳಿಗೆ ಪ್ರಮುಖ ಪಾಲಿದೆ. ಸಂಸಾರ ಅವರ ಸೇವೆಗೆ ಅಡ್ಡಿಯಾಗಲಿಲ್ಲ; ಸೇವೆಯ ಆಧಾರವೇ ಆಯಿತು.

ಸರ್ಕಾರವೂ ನಿಧಾನವಾಗಿಯಾದರೂ ಈ ಪಾಠವನ್ನು ಕಲಿತಿದೆ. ಪತಿ–ಪತ್ನಿಯರನ್ನು ಸಾಧ್ಯವಾದಷ್ಟೂ ಒಂದೇ ಸ್ಥಳದಲ್ಲಿ ನೇಮಿಸಬೇಕೆಂಬ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 1986ರಲ್ಲಿ ಹೊರಡಿಸಿತು. 2008ರಲ್ಲಿ ತನ್ನ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆಯನ್ನು ನೀಡಿತು. ಆಚರಣೆಯಲ್ಲಿ ಲೋಪಗಳಿರಬಹುದು. ಆದರೆ ನೌಕರನ ಮಗುವಿನ ಹೊಣೆಯಲ್ಲಿ ಸಂಸ್ಥೆಗೂ ಪಾಲುಂಟು ಎಂಬ ತತ್ವ ಕಾಗದದ ಮೇಲಾದರೂ ಬಂದಿದೆ. ಚರ್ಚುಗಳು, ಮಠಗಳ ವಿದ್ಯಾಸಂಸ್ಥೆಗಳು, ಸ್ವಯಂಸೇವಾ ಸಂಘಗಳು ಈ ತತ್ವವನ್ನು ಒಪ್ಪಿಕೊಳ್ಳುವುದು ಅಗತ್ಯ. ದಂಪತಿಯನ್ನು ದೂರಕ್ಕೆ ಕಳುಹಿಸುವ ಆದೇಶಪತ್ರದಲ್ಲಿ ವೇತನ, ವಸತಿಗಳ ಜೊತೆಗೆ ಮಗುವಿನ ಶಾಲೆ, ವೈದ್ಯಕೀಯ ನೆರವು, ಕುಟುಂಬ ಸಮೇತ ಊರಿಗೆ ಬರುವ ರಜೆ ಇವೂ ನಮೂದಾಗಿರಬೇಕು. ಅಷ್ಟನ್ನು ಭರಿಸಲಾಗದ ಸಂಸ್ಥೆ ಒಂಟಿಯಾಗಿರುವವರನ್ನು ಹುಡುಕಿಕೊಳ್ಳಲಿ.

ಮೊನ್ನೆ ಹರಿಹರಕ್ಕೆ ಹೋಗಿ ಮಿತ್ರರಿಗೆ ನನ್ನ ಉತ್ತರವನ್ನು ಹೇಳಿ ಬಂದೆ. ಮಗು ತಂದೆತಾಯಿಯೊಡನೆ ಹೋಗಲಿ. ಹೊರಡುವ ಮೊದಲು, ಅಲ್ಲಿ ಅದರ ಶಾಲೆಯ ವ್ಯವಸ್ಥೆ ಏನೆಂದು ಕರೆದವರಿಂದ ಬರಹದಲ್ಲಿ ಪಡೆಯಿರಿ. ಅದು ದೊರೆಯದಿದ್ದರೆ ಪ್ರಯಾಣವನ್ನು ಒಂದು ವರ್ಷ ಮುಂದೂಡಿ. ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಮೊಮ್ಮಗಳಿಲ್ಲದ ಮನೆ ಅವರಿಗೂ ಸುಲಭವಲ್ಲ. ಆದರೆ ಆ ನಷ್ಟವನ್ನು ಹೊರಬಲ್ಲ ವಯಸ್ಸು ನಮ್ಮದು, ಮಗುವಿನದಲ್ಲ.